ಹೊಗೆಮುಕ್ತ ಕೇರಿಯ ಡಮಾಮಿ

ಅಪ್ಪಾ,

ಓದಲು ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತಿನದು ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ! ಸರಕಾರಕ್ಕೂ ವಿದ್ಯುತ್ ಕಂಪನಿಗಳಿಗೂ "ಬೆಂಕಿ ಬಿಡಿ, ಬಿಸಿಲು ಹಿಡಿಯಿರಿ" ಎಂದು ಸಲಹೆ ಮಾರುವ ನಿನ್ನ ಮಗಳು, ಜೊಯಿಡಾದ ಸಿದ್ದಿಗಳ ಕೇರಿಯಲ್ಲಿ ಕೂತು ಬೆಂಕಿ ಊದಿದಳು.

ಮನೆಮನೆಗೂ ಸೌರ ಕರೆಂಟಿನ ಒಲೆ ಬಂದು, ಕೇರಿ ಹೊಗೆಮುಕ್ತವಾಯಿತೆಂದು ಸಾರುವ ಸಮಾರಂಭ. ಮುಖ್ಯ ಅತಿಥಿ ಸಾಹೇಬರ ಜೀಪು ತಿರುವಿನಲ್ಲಿ ಕಾಣಿಸಿತು. ಸ್ವಾಗತಕ್ಕೆಂದು ಕೇರಿಯ ಕ್ರಿಸ್ತಿನಕ್ಕ ಡಮಾಮಿ ಡೋಲು ಬಡಿದರೆ, ಮಳೆಯ ತಂಪಿಗೆ ಸಡಿಲಾದ ಚರ್ಮ 'ದಪ್' ಎಂದು ಸುಮ್ಮನಾಯಿತು.

"ಇದನ್ನ ಬೆಂಕಿಗೆ ಕಾಸಬೇಕ್ರಿ ಮೇಡಂ. ನಿಮ್ಮ ಒಲಿ ಮ್ಯಾಲ ಇಡ್ಲೇನು?"

"ಅದು ಸ್ಟೀಲ್ ಪಾತ್ರೆ ಇಟ್ರಷ್ಟ ಬಿಸಿ ಆಗ್ತೈತ್ರಿ."

"ಹಂಗಾದ್ರ ಸ್ಟೀಲಿನ ಡಮಾಮಿನೂ ನೀವ ತರಬೇಕಿತ್ತಲ್ರಿ!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ಡಮಾಮಿ ನುಡಿಯದೆ ಯಾರೂ ಹೆಜ್ಜೆ ಎತ್ತಲೊಲ್ಲರು.

ಅಂಗಳದಲ್ಲೇ ಬೆಂಕಿ ಹೂಡಿದೆವು; ಕಟ್ಟಿಗೆ ಹಸಿ. ಒಣಗಿದ್ದು ನನ್ನ ಭಾಷಣದ ಹಾಳೆ ಮಾತ್ರ, ಕಟ್ಟಿಗೆಯಡಿ ತುರುಕಿದ ಮೇಲೆ ಅದೂ ಕೊನೆಗೆ ಬೆಳಕಿಗೆ ಬಂತು. ಕಾರ್ಖಾನೆಯ ಬಾಯ್ಲರಿಗೆ ಉರಿ ಹಾಕಿ ಬಂದ ನೀನು ಅಂಬೇವಾಡಿಯ ನಮ್ಮ ಮನೆಯ ಬಚ್ಚಲೊಲೆಯ ಮುಂದೆ ಕಲಿಸಿದಂತೆ, ಬಾಯಿಂದಲ್ಲ, ಹೊಟ್ಟೆಯಿಂದ ಊದಿದೆ. ಧಗ್ಗನೆ ಹತ್ತಿತಪ್ಪಾ! ಹೊಗೆಮುಕ್ತ ಕೇರಿಯ ಹೊಗೆಗೆ ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಇಳಿದರು. ಆನಂದಬಾಷ್ಪ ಎಂದುಕೊಂಡೆವು.

"ಊದೂದು ಯಾರು ಕಲಿಸಿದ್ರು ನಿಮಗ?" ಡಮಾಮಿ ಕಾಸುತ್ತ ಕ್ರಿಸ್ತಿನಕ್ಕ ಕೇಳಿದಳು.

"ನಮ್ಮಪ್ಪ."

"ಅವರನ್ನೂ ಕರಕೊಂಡು ಬರಬೇಕಿಲ್ಲೇನ್ರಿ?" ಎಂದವಳೇ ಕಾದ ಡಮಾಮಿಗೆ ಕೈ ಹಾಕಿದಳು. ಎಷ್ಟು ಛಲೋ ನುಡಿಯಿತು ಅಂತೀ! ಹೆಂಗಸರು ಹೆಜ್ಜೆ ಎತ್ತಿದರು, ಹಿಂದೆ ನಾನೂ.

ಈಗ ನನ್ನ ಸೀರೆಗೆ ನಿನ್ನ ಅಂಗಿಯ ವಾಸನೆ ಬಂದಿದೆ. ಒಗೆಯಲು ಹಾಕಿಲ್ಲ.

ಮಧುಮತಿ