ಹಾಸಿನ ಬೀದಿಯ ಕ್ಯಾಮೆರಾ

ನೆಗಮಂ
೧೨ ಫೆಬ್ರವರಿ ೨೦೨೫

ಪ್ರೀತಿಯ ಅತ್ತೆಗೆ ಗೋಮತಿಯ ನಮಸ್ಕಾರಗಳು.

ಆಪರೇಷನ್ ಆದ ಕಣ್ಣು ಹೇಗಿದೆ? ಕೊಳ್ಳೇಗಾಲದಲ್ಲಿ ಮಗಳ ಮನೆಯೆಂದು ಒಲೆಯ ಮುಂದೆ ಕೂರಬೇಡಿ, ಹೊಗೆ ಆಗದು. ನಿಮ್ಮ ಮಗ ಚೆನ್ನಾಗಿದ್ದಾರೆ. ಸಕ್ಕರೆ ಬಿಟ್ಟಿದ್ದೇನೆ ಎನ್ನುತ್ತಾರೆ, ನಂಬುವವರು ನಂಬಲಿ. ಈ ಮನೆಗೆ ಬಂದಾಗ ತಮಿಳು ಮಾತ್ರ ಓದುತ್ತಿದ್ದ ನನಗೆ ನೀವು ಕನ್ನಡ ಅಕ್ಷರ ಕಲಿಸಿದಿರಿ. ಈ ಬೀದಿಯಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ ಎಂಬುದೇ ಇವತ್ತು ನನಗೆ ಸಮಾಧಾನ.

ಪಕ್ಕದ ಬೀದಿಯ ನೂಲಿನ ಗೋದಾಮಿಗೆ ಯಾರೋ ಬೆಂಕಿಯಿಟ್ಟು ಕಾವಲುಗಾರ ಸೆಲ್ಲಪ್ಪನ್ ಸತ್ತ ಮೇಲೆ ಇಲ್ಲಿ ಕ್ಯಾಮೆರಾ ಬಂತು. ನೀವಿದ್ದಾಗಲೇ ಕಂಬ ನೆಟ್ಟರು. ಬೆಂಕಿಯಿಟ್ಟವನು ಅದಕ್ಕೂ ಮುಂಚೆಯೇ ಸಿಕ್ಕಿಬಿದ್ದಿದ್ದ. ಆದರೂ ಎಲ್ಲರಿಗೂ ಹೆದರಿಕೆಯಿತ್ತು, ನನಗೂ. ಪೆಟ್ರೋಲ್ ಕ್ಯಾನ್ ಹಿಡಿದು ಬರುವವನ ಮುಖ ಪೊಲೀಸರಿಗೆ ಕಾಣುವುದಾದರೆ ಕಾಣಲಿ ಎನ್ನುವವಳು ನಾನು, ಈಗಲೂ. ಎಲ್ಲಿಯವರೆಗೆ, ಇನ್ನು ಯಾರು ಯಾರು ನೋಡುತ್ತಾರೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಚಿತ್ರ ಸ್ಟೇಷನ್ನಿಗೆ ಹೋಗುತ್ತದೆ. ಬೀದಿ ಸಮಿತಿಯ ಗಂಡಸರ ಫೋನಿಗೂ ಬರುತ್ತದೆ. ಸಮಿತಿ ಎಂದರೆ ವೆಲ್ಲಿಂಗಿರಿ, ವರಸೆಯಲ್ಲಿ ನನ್ನ ಮೈದುನ.

ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಗಂಜಿ ಹಚ್ಚುವಾಗ ಹೆಂಗಸರೆಲ್ಲ ನಿಲ್ಲುತ್ತೇವೆ. ಹೊರಗಾದವಳು ನೂಲು ಮುಟ್ಟದೆ ಮೂರು ದಿನ ಒಳಗಿರುತ್ತಾಳೆ. ನಮ್ಮನಮ್ಮಲ್ಲಿ ಕಂಡೂ ಕಾಣದಂತೆ ಇದ್ದ ವಿಷಯ ಅದು. ಈಗ ಟೀ ಕುಡಿಯುತ್ತ ಕೂತವರ ಅಂಗೈಯಲ್ಲಿದೆ. ಕಳೆದ ತಿಂಗಳು ವೆಲ್ಲಿಂಗಿರಿ ನಿಮ್ಮ ಮೊಮ್ಮಗ ಸರವಣಕುಮಾರನನ್ನು ಅಂಗಡಿಯ ಮುಂದೆ ನಿಲ್ಲಿಸಿ, "ಏನ್ ತಂಬಿ, ನಿನ್ ಸಂಸಾರ ಎರಡು ತಿಂಗ್ಳಾಗಿ ಪಾವಿಗೆ ಗಂಜಿ ಹಚ್ಚೋಕೆ ಒಂದ್ ದಿನಾನೂ ತಪ್ಪಿಸ್ಲಿಲ್ಲ. ಸ್ವೀಟ್ ಯಾವಾಗ?" ಎಂದನಂತೆ. ನನ್ನ ಸೊಸೆ ಜಯಪ್ರಿಯಾ ತಾನು ಬಸಿರಿ ಎಂಬುದನ್ನು ಗಂಡನಿಗೂ ನನಗೂ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳು ತುಂಬಲಿ, ಆಮೇಲೆ ನಿಮಗೆ ಬರೆಯೋಣ ಎಂದುಕೊಂಡಿದ್ದೆವು.

ಬಸಿರು ನಿಲ್ಲಲಿಲ್ಲ, ಅತ್ತೆ. ಹೋದ ಸೋಮವಾರ ಬೆಳಿಗ್ಗೆ ಅವಳನ್ನು ಆಟೋಗೆ ಹತ್ತಿಸಿದೆ. ಸೀರೆ ನೆನೆದಿತ್ತು. ನಾವು ಆಸ್ಪತ್ರೆ ಸೇರುವ ಮೊದಲೇ ಕ್ಯಾಮೆರಾದ ಆ ತುಣುಕು ಬೀದಿಯ ವಾಟ್ಸಾಪ್ ಗುಂಪಿನಲ್ಲಿತ್ತು. ಕೆಳಗೆ ವೆಲ್ಲಿಂಗಿರಿಯ ಕಾಳಜಿ: ಏನಾಯಿತೆಂದು ಯಾರಿಗಾದರೂ ಗೊತ್ತೇ? ನೇಯ್ದ ಸೀರೆಗಳನ್ನು ಅಂಗಡಿಗೆ ಕೊಡಲು ಗಾಂಧಿಪುರಂಗೆ ಹೊರಟಿದ್ದ ಸರವಣ ಅದನ್ನು ಬಸ್ಸಿನಲ್ಲಿ ನೋಡಿದ. ಮಗು ಹೋದದ್ದು ಅವನಿಗೆ ತಿಳಿದದ್ದು ಹಾಗೆ.

ನಾನು ವೆಲ್ಲಿಂಗಿರಿಯ ಮನೆಗೆ ಹೋಗಿ ಅಳಿಸು ಎಂದೆ. ಅಳಿಸಿದ, ಅಷ್ಟರಲ್ಲಿ ಎಷ್ಟು ಫೋನುಗಳಿಗೆ ಹೋಗಿತ್ತೋ. ಕ್ಯಾಮೆರಾ ತಿರುಗಿಸು ಎಂದರೆ ಅದು ಸ್ಟೇಷನ್ನಿನದು ಎಂದ. ಸ್ಟೇಷನ್ನಿನಲ್ಲಿ ಆಗಲೇ ಕೇಳಿ ಬಂದಿದ್ದೆ, ಅವರು ಸಮಿತಿಯದು ಎಂದಿದ್ದರು. "ತಪ್ ಮಾಡ್ದೋರ್ಗೆ ಏನ್ ಬಯ, ಅತ್ತಿಗೆ?" ಎಂದು ನಕ್ಕ. ಬಾಗಿಲ ಹಿಂದಿನಿಂದ ಅವನ ಹೆಂಡತಿ ರಾಜಾಮಣಿ, "ನಾನು ಒಳ್ಗೆ ಕೂತ ದಿನಾನೂ ಸಮಿತಿಯವ್ರೆಲ್ಲ ಎಣಿಸ್ತಾರೆ ತಾನೇ?" ಎಂದಳು. ನಗು ನಿಂತಿತು. ಅಲ್ಲಿಯವರೆಗೆ ಅವನಿಗದು ಹೊಳೆದೇ ಇರಲಿಲ್ಲ. ನನಗೆ ಹೇಸಿಗೆಯಾದದ್ದು ಅದಕ್ಕೇ. ಕೆಟ್ಟವನಾಗಿದ್ದರೆ ಸುಲಭವಿತ್ತು.

ಜಯಪ್ರಿಯಾ ಊಟ ಮಾಡುತ್ತಾಳೆ, ಬೀದಿಗೆ ಇಳಿಯುವುದಿಲ್ಲ. ತಾಯಿಮನೆಗೆ ಹೋಗುತ್ತೇನೆ ಎಂದು ಒಮ್ಮೆ ಹೇಳಿದಳು. ತಿರುಗಿ ಬರುವ ಮಾತು ಹೇಳಲಿಲ್ಲ.

ನಾದಿನಿಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿ. ಕಣ್ಣಿನ ಮದ್ದು ತಪ್ಪಿಸಬೇಡಿ. ಈ ಸಲ ನಿಮ್ಮ ಆಶೀರ್ವಾದ ನನಗಲ್ಲ, ಅವಳಿಗಿರಲಿ.

ನಿಮ್ಮ
ಗೋಮತಿ

ತಾ.ಕ.: ನಾಳೆ ನಮ್ಮ ಮನೆಯ ಹಾಸು. ಸೂತಕ ಕಳೆಯದಿದ್ದರೂ ಜಯಪ್ರಿಯಾ ನನ್ನ ಪಕ್ಕ ನಿಂತು ಗಂಜಿ ಹಚ್ಚುತ್ತಾಳೆ. ಮೊದಲು ಒಲ್ಲೆ ಎಂದಳು. ರಾಜಾಮಣಿಯೂ ಬರುತ್ತಾಳೆಂದ ಮೇಲೆ ಒಪ್ಪಿದಳು. ರಾಜಾಮಣಿ ನಿನ್ನೆಯಿಂದ ಹೊರಗಾಗಿದ್ದಾಳೆ. ಇನ್ನು ಮೇಲೆ ಯಾವ ಮನೆಯವಳೂ ಯಾವ ದಿನವೂ ಒಳಗೆ ಕೂರುವುದಿಲ್ಲ. ಆ ಫೋನುಗಳಲ್ಲಿ ಎಲ್ಲ ದಿನವೂ ಒಂದೇ ಸಮ ಕಾಣಲಿ. ಇಷ್ಟು ವರ್ಷ ನೀವು ಹೇಳಿದಂತೆ ನಡೆದವಳು ನಾನು. ಒಪ್ಪಿಗೆ ಕೇಳಲು ಬರೆಯುತ್ತಿಲ್ಲ. ಬೇರೆಯವರ ಫೋನಿನಿಂದ ತಿಳಿಯುವ ಮೊದಲು ನಿಮಗೆ ನನ್ನಿಂದ ತಿಳಿಯಲಿ.