ಬೋರ್ಡು ಮುಚ್ಚುವ ಬಟ್ಟೆ

ಸ್ವಂತ ಕಾಲ ಮೇಲೆ ನಿಂತಿರುವ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಟೀವಿಯಲ್ಲಿ ನಿನ್ನ ಸಂದರ್ಶನ ನೋಡಿದೆವು. ಸರ್ಕಾರದ ಬಿಡಿಗಾಸೂ ಇಲ್ಲದೆ, ಸ್ವಂತ ಕಾಲ ಮೇಲೆ ನಿಂತು ರಾಕೆಟ್ ಕಟ್ಟುತ್ತಿದ್ದೇನೆ ಎಂದು ನೀನು ಎದೆ ತಟ್ಟಿಕೊಂಡೆ. ಸರ್ಕಾರಿ ನೌಕರರು ಬರೀ ಕುರ್ಚಿ ಬಿಸಿ ಮಾಡುವವರು ಎಂದೂ ಅಂದೆ. ಅಮ್ಮ ನನ್ನ ಮುಖ ನೋಡಿ, "ಏನೇ, ಇವನು ಬೈತಿರೋದು ನಿನ್ನನ್ನೇ ತಾನೆ?" ಎಂದಳು. "ಹೂಂ, ನನ್ನನ್ನೇ" ಎಂದೆ. ಅವಳು ಎದ್ದು ಹೋಗಿ ಟೀವಿ ಆರಿಸಿದಳು.

ಮರುದಿನವೇ ನಿನ್ನ ಮ್ಯಾನೇಜರ್ ಸರ್ಕಾರದ ನಮ್ಮ ರಾಕೆಟ್ ಎಂಜಿನ್ ಪರೀಕ್ಷಾ ಕೇಂದ್ರಕ್ಕೆ ಬಂದು ನನ್ನ ಮೇಜಿನ ಮುಂದೆ ಕೂತ. ಸ್ವಂತ ಕಾಲಿನ ನಿಮ್ಮ ಎಂಜಿನ್ನಿಗೆ ಉರಿದು ತೋರಿಸಲು ನಮ್ಮ ಸ್ಟ್ಯಾಂಡ್ ಬೇಕಂತೆ, ಆಕ್ಸಿಜನ್ ಟ್ಯಾಂಕ್ ಬೇಕಂತೆ, ಬೆಂಕಿ ಆರಿಸಲು ನಮ್ಮ ಜನವೂ ಬೇಕಂತೆ. ಎಲ್ಲಕ್ಕೂ ಆಗಲಿ ಎಂದೆ. ಕೊನೆಗೆ ಹಲ್ಲು ಗಿಂಜುತ್ತಾ, "ಮೇಡಂ, ಹೂಡಿಕೆದಾರರಿಗೆ ವಿಡಿಯೋ ಕಳಿಸ್ಬೇಕು. ಹಿಂದೆ ಕಾಣೋ ಸರ್ಕಾರದ ಬೋರ್ಡನ್ನ ಸ್ವಲ್ಪ ಮುಚ್ಚಿಸ್ತೀರಾ?" ಎಂದ.

ಅದೇ ಬೋರ್ಡಿನ ಕೆಳಗೆ, ಸರ್ಕಾರದ ಸಂಬಳ ತಿಂದುಕೊಂಡು, ನೀನು ವಾಲ್ವ್ ಬಿಗಿಯುವುದನ್ನು ಕಲಿತೆ. ಆಗ ನಿನ್ನ ಕೈಯಲ್ಲಿ ಸಿಡಿದ ಎಂಜಿನ್ನುಗಳಿಗೆ ಯಾವ ಹೂಡಿಕೆದಾರನೂ ಅಳಲಿಲ್ಲ; ಜನರ ತೆರಿಗೆ ದುಡ್ಡು ತುಟಿಪಿಟಕ್ಕೆನ್ನದೆ ಉರಿದುಹೋಯಿತು. ಇರಲಿ ಬಿಡು.

ಬೋರ್ಡು ಮುಚ್ಚಿಕೋ, ನನ್ನ ಅಡ್ಡಿಯಿಲ್ಲ. ಶನಿವಾರ ಬೆಳಿಗ್ಗೆ ಬಾ. ಹೆಲ್ಮೆಟ್ ನಾವೇ ಕೊಡುತ್ತೇವೆ. ಹತ್ತಲು ಏಣಿಯನ್ನೂ ಕೊಡುತ್ತೇವೆ, ಬೀಳದಂತೆ ನಮ್ಮವರೇ ಹಿಡಿದುಕೊಳ್ಳುತ್ತಾರೆ. ಮುಚ್ಚುವ ಬಟ್ಟೆಯೊಂದನ್ನು ಮಾತ್ರ ನೀನೇ ತಾ. ಅದಾದರೂ ನಿನ್ನ ಸ್ವಂತದ್ದಾಗಿರಲಿ.

ಇತಿ,
ಕುರ್ಚಿ ಬಿಸಿ ಮಾಡುತ್ತಿರುವ ನಿನ್ನ ಅಕ್ಕ