ಹನ್ನೊಂದು ತಿಂಗಳ ಮಾರನೆಯ ದಿನ

ಗದಗ, 2191ರ ಜುಲೈ 2

ಕ್ಲೌಡ್ ಎಂಜಿನಿಯರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳಲು ಕೂತಿರುವ ಸಮಿತಿಯವರಿಗೆ,

ನಿಮಗೂ ನನಗೂ ನಡುವೆ ನೂರೈವತ್ತಕ್ಕೂ ಹೆಚ್ಚು ವರ್ಷಗಳಿವೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನೀವು ಕ್ಲೌಡ್ ಎನ್ನುವುದನ್ನು ನಾವು ಅಟ್ಟ ಎನ್ನುತ್ತೇವೆ. ನಾಡಿನ ಹುಟ್ಟು, ಸಾವು, ಜಮೀನು, ರೇಷನ್ ಎಲ್ಲದರ ದಾಖಲೆ ಅಲ್ಲಿದೆ. ಅದನ್ನು ನೋಡಿಕೊಳ್ಳುವ ಗುತ್ತಿಗೆ ಎಂಜಿನಿಯರ್ ನಾನು. ಇಪ್ಪತ್ತಾರು ವರ್ಷಗಳಿಂದ ತಾತ್ಕಾಲಿಕ.

ನಿಮ್ಮ ಮುಂದಿರುವ ಕರಡು ಆದೇಶದ ಒಂಬತ್ತನೇ ಷರತ್ತನ್ನು ಇನ್ನೊಮ್ಮೆ ಓದಿ. ಹನ್ನೊಂದು ತಿಂಗಳು ಕೆಲಸ, ಆಮೇಲೆ ಒಂದು ದಿನ ಸೇವೆಯಿಂದ ಬಿಡುಗಡೆ, ಮತ್ತೆ ಹೊಸ ಆದೇಶ. ಕಾಯಂ ಮಾಡಿ ಎಂದು ನಾವು ಕೇಳಬಾರದೆಂದು ಹಾಕಿದ್ದೀರಿ. ಅದರ ಕೆಳಗೇ, ಹೊಣೆ ಹೊತ್ತ ಎಂಜಿನಿಯರ್ ಕೆಲಸದಲ್ಲಿಲ್ಲದಾಗ ಹೊಸದೇನೂ ದಾಖಲಾಗಬಾರದು ಎಂದೂ ಬರೆದಿದ್ದೀರಿ. ಎರಡನ್ನೂ ಕೂಡಿಸಿ ಯಾರೂ ಓದಲಿಲ್ಲ. ಆ ಸಾಲುಗಳು ಇಂದಿಗೂ ಹಾಗೇ ಇವೆ. ತಿದ್ದಬೇಕಾದವರೆಲ್ಲ ಮೇಲಿನವರನ್ನು ಕೇಳಬೇಕು ಎನ್ನುತ್ತಾರೆ.

ಏನೂ ದಾಖಲಾಗದ ಆ ದಿನಕ್ಕೆ ನಮ್ಮಲ್ಲಿ ಬರಿದಿನ ಎಂದು ಹೆಸರು. ಅಂದು ನಡೆದದ್ದನ್ನು ಆಮೇಲೆ ಬರೆಸಹೋದರೂ ಅಟ್ಟ ಒಪ್ಪುವುದಿಲ್ಲ. ಅಂದು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಜಮೀನು ಬರೆಸುವುದಿಲ್ಲ. ಸಾವು ಮಾತ್ರ ಯಾರ ಕೈಯಲ್ಲೂ ಇಲ್ಲ. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಬಸಲಿಂಗಪ್ಪನವರು ಬರಿದಿನವೇ ತೀರಿಕೊಂಡರು. ದಾಖಲೆಯಲ್ಲಿ ಅವರಿಗೀಗ ನೂರಮೂವತ್ತು ವರ್ಷ, ಕಣ್ಣಿನ ತಪಾಸಣೆಗೆ ಬನ್ನಿ ಎಂದು ಇನ್ನೂ ಕರೆ ಬರುತ್ತದೆ. ಇದಕ್ಕೆ ನಗಬಹುದು. ಅಂದು ಹುಟ್ಟಿದವರ ಪಾಡಿಗೆ ನಗಲಾಗದು. ಅವರಿಗೆ ಶಾಲೆಯಿಲ್ಲ, ರೇಷನ್ ಇಲ್ಲ. ಮಾರನೆಯ ದಿನ ಹುಟ್ಟಿತೆಂದು ಬರೆಸೋಣವೆಂದರೆ ಹೆರಿಗೆ ಮಂಚವೇ ದಿನ, ಗಂಟೆ, ನಿಮಿಷ ಗುರುತು ಹಾಕಿಕೊಳ್ಳುತ್ತದೆ.

ಇವತ್ತು ಬರಿದಿನ. ನನ್ನ ಮಗಳು ಸುಗಂಧಾ ಹೆರಿಗೆ ಕೋಣೆಯಲ್ಲಿದ್ದಾಳೆ. ಬೆಳಿಗ್ಗೆ ನೋವು ಶುರುವಾದಾಗ, ನಾಳೆಯ ತನಕ ತಡೆದುಕೋ ಎಂದುಬಿಟ್ಟೆ.

"ನಿಲ್ಲಂದ್ರ ನಿಲ್ಲಾಕ ಇದೇನ್ ಬಸ್ಸೇನವ್ವಾ?" ಎಂದಳು, ಹಲ್ಲು ಕಚ್ಚಿಕೊಂಡು.

ನಾಚಿಕೆಯಾಯಿತು. ಅಟ್ಟದ ಬಾಗಿಲು ತೆಗೆಯಬಲ್ಲವಳು ನಾನೊಬ್ಬಳೇ, ನಾನೋ ಇವತ್ತು ಯಾರೂ ಅಲ್ಲ. ಸಿಟ್ಟು ಮಾಡಿಕೊಳ್ಳಲೂ ಈಗ ಸುಸ್ತು.

ಆ ಒಂಬತ್ತನೇ ಷರತ್ತಿನ ಮೇಲೆ ಒಂದು ಗೆರೆ ಎಳೆಯಿರಿ. ನಮ್ಮನ್ನು ಕಾಯಂ ಮಾಡದಿದ್ದರೂ ಸರಿ.

ಇಷ್ಟು ಬರೆಯುವಷ್ಟರಲ್ಲಿ ಒಳಗೆ ಮಗು ಅತ್ತಿತು. ನರ್ಸ್ ಬಂದು ವಿವರ ಹೇಳಿದಳು, ಎಲ್ಲಿ ಬರೆಯುವುದೆಂದು ನನ್ನನ್ನೇ ಕೇಳಿದಳು. ಬೇರೆಲ್ಲೂ ಬರೆಯುವಂತಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಹೆಣ್ಣು ಮಗು, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ, ತಾಯಿ ಸುಗಂಧಾ. ದಯವಿಟ್ಟು ನಿಮ್ಮಲ್ಲಾದರೂ ದಾಖಲಿಸಿಕೊಳ್ಳಿ.

ಇತಿ,
ಶಾಂತಲಾ ಮುಳಗುಂದ
(ಇವತ್ತಿನ ಮಟ್ಟಿಗೆ ಹುದ್ದೆ ಇಲ್ಲ)